ಸತ್ತ ಕಂಪನಿಗಳ ಹೆಸರಲ್ಲಿ ಓಡುವ ರೈಲು: ಶಿಕಾಗೋಗೆ ಹೊಸದಾಗಿ ಬಂದವರಿಗೆ

ಬೆಂಗಳೂರಿನಿಂದ ಆಗಷ್ಟೇ ಬಂದಿದ್ದ ಹುಡುಗನೊಬ್ಬನನ್ನು ಶಿಕಾಗೋ ಹೊರವಲಯದ ಪ್ಯಾಲಟೈನ್‌ನ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. "ಅಣ್ಣ, ಯೂನಿಯನ್ ಸ್ಟೇಷನ್‌ನಲ್ಲಿದ್ದೀನಿ, ಬೋರ್ಡಲ್ಲಿ ನಿಮ್ಮೂರ ಹೆಸರೇ ಇಲ್ಲ" ಅಂತ ಫೋನ್ ಬಂತು. ಅವನ ರೈಲು ಎರಡು ಬೀದಿ ಆಚೆ, ಓಗಿಲ್ವಿ ಸ್ಟೇಷನ್‌ನಲ್ಲಿತ್ತು. ಓಡಿಹೋಗುವಷ್ಟರಲ್ಲಿ ಹೊರಟಿತ್ತು. ನಾವು ಸಾರನ್ನು ಎರಡು ಸಲ ಬಿಸಿ ಮಾಡಿದೆವು.

ಶಿಕಾಗೋ ಪೇಟೆಗೂ ಸುತ್ತಲ ಊರುಗಳಿಗೂ ನಡುವೆ ಓಡುವ ಲೋಕಲ್ ರೈಲಿಗೆ ಮೆಟ್ರಾ ಅಂತ ಹೆಸರು. ಒಂದೇ ಮೆಟ್ರಾಗೆ ಪೇಟೆಯಲ್ಲಿ ನಾಲ್ಕು ನಿಲ್ದಾಣ ಯಾಕೆ? ಇಲ್ಲಿ ರೈಲು ಹಾಕಿದ್ದು ಖಾಸಗಿ ಕಂಪನಿಗಳು. ನಿಲ್ದಾಣಗಳನ್ನೂ ಅವರವರೇ ಕಟ್ಟಿಕೊಂಡರು. ಆಮೇಲೆ ಲಾರಿ, ಹೆದ್ದಾರಿಗಳು ವ್ಯಾಪಾರ ಕಿತ್ತುಕೊಂಡಾಗ ಕೆಲವು ದಿವಾಳಿಯಾದವು, ಕೆಲವು ಇನ್ನೊಂದರ ಜೊತೆ ಸೇರಿಕೊಂಡವು. ಹಳಿ, ನಿಲ್ದಾಣಗಳು ಮಾತ್ರ ಇದ್ದಲ್ಲೇ ಉಳಿದವು, ಮೆಟ್ರಾ ಓಡುವುದು ಅವುಗಳ ಮೇಲೇ. ಹಾಗಾಗಿ ನಿಮ್ಮ ಲೈನ್ ಮೊದಲು ಯಾರದ್ದು ಅಂತ ಗೊತ್ತಿದ್ದರೆ ಯಾವ ನಿಲ್ದಾಣ ಅನ್ನುವುದೂ ಗೊತ್ತಾದ ಹಾಗೆ.

ಯೂನಿಯನ್ ಪೆಸಿಫಿಕ್ ಹೆಸರಿನ ಮೂರು ಲೈನ್‌ಗಳು ಓಗಿಲ್ವಿಯಿಂದ. ಇವು ಶಿಕಾಗೋ ಅಂಡ್ ನಾರ್ತ್ ವೆಸ್ಟರ್ನ್ ಕಂಪನಿಯವು. 1995ರಲ್ಲಿ ಯೂನಿಯನ್ ಪೆಸಿಫಿಕ್ ಅದನ್ನು ನುಂಗಿತು. ಹಳೆಯ ಕಂಪನಿಯ ಒಂದು ಚಾಳಿ ಇನ್ನೂ ಹೋಗಿಲ್ಲ: ಇಲ್ಲಿ ರೈಲು ಸಾಮಾನ್ಯವಾಗಿ ಎಡ ಹಳಿಯಲ್ಲಿ ಹೋಗುತ್ತದೆ, ನಮ್ಮೂರ ಹಾಗೆಯೇ! ಈ ಅಭ್ಯಾಸವನ್ನೇ ನಂಬಿಕೊಂಡು ಬಲ ಹಳಿಯಲ್ಲಿ ಓಡುವ, ಶಾಂಬರ್ಗ್‌ನ ಮಿಲ್ವಾಕಿ ಲೈನ್‌ಗೆ ಹೋದರೆ ಎದುರು ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿರುತ್ತೀರಿ. ನಾನು ನಿಂತಿದ್ದೇನೆ.

ನೇಪರ್ವಿಲ್, ಅರೋರಾ ಕಡೆಯವರದ್ದು ಬಿಎನ್‌ಎಸ್‌ಎಫ್, ಯೂನಿಯನ್ ಸ್ಟೇಷನ್‌ನಿಂದ. ಇದರ ಕಥೆ ಸ್ವಾರಸ್ಯವಾಗಿದೆ. 1901ರಲ್ಲಿ ರೈಲು ಉದ್ಯಮಿ ಜೇಮ್ಸ್ ಹಿಲ್, ಬ್ಯಾಂಕರ್ ಜೆ. ಪಿ. ಮಾರ್ಗನ್ ಸೇರಿ ಗ್ರೇಟ್ ನಾರ್ದರ್ನ್, ನಾರ್ದರ್ನ್ ಪೆಸಿಫಿಕ್, ಬರ್ಲಿಂಗ್ಟನ್ ಅನ್ನುವ ಮೂರು ರೈಲು ಕಂಪನಿಗಳನ್ನೂ ಒಂದೇ ಕಂಪನಿಯ ಕೈಕೆಳಗೆ ತಂದರು. 1904ರಲ್ಲಿ ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ ಅದನ್ನು ಒಡೆಯಿತು. ಅದೇ ಮೂರು ಮತ್ತೆ ಸೇರಿ ಬರ್ಲಿಂಗ್ಟನ್ ನಾರ್ದರ್ನ್ ಆಗಲು 1970 ಬರಬೇಕಾಯಿತು. 1995ರಲ್ಲಿ ಸಾಂತಾ ಫೆ ಅನ್ನುವ ಇನ್ನೊಂದು ರೈಲು ಕಂಪನಿ ಜೊತೆಯಾಗಿ ಬಿಎನ್‌ಎಸ್‌ಎಫ್ ಆಯಿತು, 2010ರಲ್ಲಿ ವಾರನ್ ಬಫೆಟ್ ಅವರ ಬರ್ಕ್‌ಷೈರ್ ಕೊಂಡುಕೊಂಡಿತು. ನಮ್ಮಲ್ಲಿ 1951ರಲ್ಲಿ ಮೈಸೂರು ಸ್ಟೇಟ್ ರೈಲ್ವೆಯನ್ನು ಇನ್ನೆರಡರ ಜೊತೆ ಸೇರಿಸಿ ಸದರ್ನ್ ರೈಲ್ವೆ ಮಾಡಿದ್ದು ಸರ್ಕಾರ. ಇಲ್ಲಿ ಇಷ್ಟೆಲ್ಲ ಹಗ್ಗಜಗ್ಗಾಟ.

ರಾಕ್ ಐಲೆಂಡ್ ಅನ್ನುವ ರೈಲು ಕಂಪನಿಯದ್ದು ಬೇಜಾರಿನ ಕಥೆ. ಯೂನಿಯನ್ ಪೆಸಿಫಿಕ್ ಜೊತೆ ಸೇರಲು 1964ರಲ್ಲಿ ಅರ್ಜಿ ಹೋಯಿತು. ಸರ್ಕಾರದ ಆಯೋಗ ಹತ್ತು ವರ್ಷ ವಿಚಾರಿಸಿ ಷರತ್ತು ಹಾಕಿ ಒಪ್ಪುವಷ್ಟರಲ್ಲಿ ಹಳಿಗಳು ಹಾಳಾಗಿದ್ದವು, ಗಂಡಿನ ಕಡೆಯವರಿಗೂ ಮನಸ್ಸು ಹೋಗಿತ್ತು. 1975ರಲ್ಲಿ ದಿವಾಳಿ, 1980ರಲ್ಲಿ ಬಾಗಿಲು. ಜೋಲಿಯೆಟ್‌ಗೆ ಹೋಗುವ ಮೆಟ್ರಾ ಲೈನ್‌ಗೆ ಮಾತ್ರ ಆ ಹೆಸರು ಇನ್ನೂ ಇದೆ. ಅದು ಲಸಾಲ್ ಸ್ಟ್ರೀಟ್ ಸ್ಟೇಷನ್‌ನಿಂದ. ಎಚ್ಚರ: ಯೂನಿಯನ್ ಸ್ಟೇಷನ್‌ನಿಂದಲೂ ಜೋಲಿಯೆಟ್‌ಗೆ ಹೆರಿಟೇಜ್ ಕಾರಿಡಾರ್ ಅಂತ ಇನ್ನೊಂದು ಲೈನ್ ಇದೆ, ಆದರೆ ರೈಲು ಕಡಿಮೆ. ಮೆಟ್ರಾ ಎಲೆಕ್ಟ್ರಿಕ್ ಹಳೆಯ ಇಲಿನಾಯ್ ಸೆಂಟ್ರಲ್, ಮಿಲೇನಿಯಂ ಸ್ಟೇಷನ್‌ನಿಂದ. ಅಷ್ಟು ಸಾಕು.

ಮನೆ ಹುಡುಕುವವರಿಗೆ ಇನ್ನೊಂದು ಮಾತು. ಊರ ಹೊರಗೆ ಅರ್ಧಚಂದ್ರಾಕಾರದಲ್ಲಿ ಸುತ್ತುವ ಇಜೆ ಅಂಡ್ ಇ ಅನ್ನುವ ಕಂಪನಿಯ ಹಳಿಯನ್ನು 2009ರಲ್ಲಿ ಕೆನೇಡಿಯನ್ ನ್ಯಾಷನಲ್ ರೈಲು ಕಂಪನಿ ಕೊಂಡಿತು. ಪೇಟೆಯೊಳಗೆ ಹೋಗುತ್ತಿದ್ದ ಅದರ ಗೂಡ್ಸ್ ಗಾಡಿಗಳು ಆ ಕಡೆ ತಿರುಗಿದವು. ಆ ಹಳಿ ಹಾದುಹೋಗುವ ಬ್ಯಾರಿಂಗ್ಟನ್ ಊರಿನ ಜನ ಆಗ ಜೋರಾಗಿಯೇ ವಿರೋಧಿಸಿದ್ದರು. 2025ರ ಜುಲೈನಲ್ಲಿ ಯೂನಿಯನ್ ಪೆಸಿಫಿಕ್ ಮತ್ತು ನಾರ್ಫೋಕ್ ಸದರ್ನ್ ಅನ್ನುವ ಇನ್ನೊಂದು ರೈಲು ಕಂಪನಿ ತಾವೂ ಒಂದಾಗುತ್ತೇವೆ ಅಂತ ಘೋಷಿಸಿವೆ. ಹೀಗಾಗಿ ಇವತ್ತು ಸುಮ್ನಿರುವ ಹಳಿ ನಾಳೆಯೂ ಸುಮ್ನಿರುತ್ತದೆ ಅಂತ ಏಜೆಂಟ್ ಹೇಳಿದರೆ ನಂಬಬೇಡಿ. ಕೆಲಸದ ದಿನ ಸಂಜೆ ಆ ಮನೆ ಹತ್ತಿರದ ರೈಲ್ವೆ ಗೇಟಿನ ಬಳಿ ಕಾರು ನಿಲ್ಲಿಸಿ ಒಂದರ್ಧ ಗಂಟೆ ಕೂತು ನೋಡಿ. ಮೈಲಿಗಿಂತ ಉದ್ದದ ಗಾಡಿ ಒಂದು ಹಾದುಹೋದರೆ ಸಾಕು, ಆ ಮನೆ ಬೇಕೋ ಬೇಡವೋ ಅಂತ ಹೆಂಡತಿಯೇ ಹೇಳುತ್ತಾಳೆ.