ನಾಲ್ಕು ಮನೆ, ಒಂದು ಜನರೇಟರ್: ಹೆಲೀನ್ ಚಂಡಮಾರುತದಲ್ಲಿ ನಾವು ಮಾಡಿದ್ದು

ಮನೆಗೊಂದು ಜನರೇಟರ್ ಇರಲೇಬೇಕು ಅನ್ನುವವರ ಜೊತೆ ನಾನು ಒಂದು ವರ್ಷ ವಾದ ಮಾಡಿದ್ದೇನೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಬಂದು ಹೋದ ಮೇಲೆ ನಮ್ಮ ರಸ್ತೆಯಲ್ಲಿ ಆ ವಾದ ನಿಂತಿದೆ. ಹತ್ತು ಹನ್ನೆರಡು ದಿನ ಕರೆಂಟ್ ಇರಲಿಲ್ಲ. ನಾಲ್ಕು ಮನೆಗೆ ಒಂದೇ ಜನರೇಟರ್. ಯಾರ ಮನೆಯಲ್ಲೂ ನೀರು ತಪ್ಪಲಿಲ್ಲ, ಫ್ರೀಜರಿನಲ್ಲಿದ್ದದ್ದು ಕೆಡಲಿಲ್ಲ, ಪಕ್ಕದ ಮನೆ ಅಜ್ಜಿಯ ಆಕ್ಸಿಜನ್ ಯಂತ್ರ ಒಂದು ರಾತ್ರಿಯೂ ನಿಲ್ಲಲಿಲ್ಲ. ಹಾಗಾಗಿ ಸ್ವಲ್ಪ ಕೊಚ್ಚಿಕೊಳ್ಳುವ ಹಕ್ಕು ನನಗಿದೆ.

ನಾವಿರುವುದು ಉತ್ತರ ಫ್ಲೋರಿಡಾದ ಸುವಾನಿ ಕೌಂಟಿಯಲ್ಲಿ, ಲೈವ್ ಓಕ್ ಊರಿನಿಂದ ಸ್ವಲ್ಪ ಒಳಗೆ. ಫ್ಲೋರಿಡಾ ಅಂದ ಕೂಡಲೇ ಬೀಚ್ ನೆನಪಾಗುತ್ತದೆ ಅಲ್ವಾ? ಇಲ್ಲಿ ಪೈನ್ ತೋಪು, ಕಡಲೆಕಾಯಿ ಹೊಲ, ಕೋಳಿ ಶೆಡ್ಡು, ಮಣ್ಣಿನ ರಸ್ತೆ. ಎಲ್ಲರಿಗೂ ಸ್ವಂತ ಬೋರ್‌ವೆಲ್, ಅಂದರೆ ಕರೆಂಟ್ ಹೋದರೆ ನೀರೂ ಹೋಯಿತು. ಹಳ್ಳಿ ಕಡೆ ಜಾಗ ತಗೊಂಡು ಬೋರ್, ಸೆಪ್ಟಿಕ್ ಟ್ಯಾಂಕ್ ಇಟ್ಟುಕೊಂಡಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಪಾರ್ಟ್‌ಮೆಂಟಿನವರಿಗೆ ಇದರಿಂದ ಉಪಯೋಗ ಕಡಿಮೆ.

2023ರ ಆಗಸ್ಟ್ 30ರಂದು ಇಡಾಲಿಯಾ ಚಂಡಮಾರುತ ಕೀಟನ್ ಬೀಚ್ ಹತ್ತಿರ ದಡ ಹತ್ತಿತು. ಆಗ ನಮ್ಮ ರಸ್ತೆಯಲ್ಲಿ ಮೂರು ಜನರೇಟರ್ ಇದ್ದವು, ಹಗಲು ರಾತ್ರಿ ಮೂರೂ ಒದರುತ್ತಿದ್ದವು. ಒಂದೊಂದು ಜನರೇಟರ್ ದಿನಕ್ಕೆ ಹತ್ತು ಗ್ಯಾಲನ್ ಪೆಟ್ರೋಲ್ ಕುಡಿಯುತ್ತದೆ, ಹೆಚ್ಚುಕಡಿಮೆ 38 ಲೀಟರ್. ರಾತ್ರಿ ಎರಡು ಗಂಟೆಗೆ ಅದು ಏನು ನಡೆಸುತ್ತದೆ? ಒಂದು ಫ್ಯಾನು, ಒಂದು ಬಲ್ಬು. ಮೂರನೇ ದಿನಕ್ಕೆ ಎಲ್ಲರ ಕ್ಯಾನೂ ಖಾಲಿ. ಬಂಕಿನಲ್ಲಿ ಪೆಟ್ರೋಲ್ ಇತ್ತು, ಆದರೆ ಪಂಪ್ ಓಡಿಸಲು ಅವರಿಗೂ ಕರೆಂಟ್ ಇರಲಿಲ್ಲ. ಎದುರುಮನೆಯ ಮುದುಕಪ್ಪ ಬೇಟೆಯಾಡಿ ತುಂಬಿಸಿಟ್ಟಿದ್ದ ಜಿಂಕೆ ಮಾಂಸವನ್ನು ಗುಂಡಿ ತೋಡಿ ಹೂಳಿದ. ನಾವು ಸಸ್ಯಾಹಾರಿಗಳು, ಆದರೂ ಹೊಟ್ಟೆ ಉರಿಯಿತು.

ಕೊರತೆ ಇದ್ದದ್ದು ಪೆಟ್ರೋಲಿಗೆ, ಜನರೇಟರಿಗಲ್ಲ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಎರಡು ದಿನ ತಣ್ಣಗಿರುತ್ತದೆ. ನೀರು ದಿನಕ್ಕೆ ಎರಡು ಸಲ ಎತ್ತಿಟ್ಟುಕೊಂಡರೆ ಸಾಕು. ಹಾಗಾದರೆ ಎಂಜಿನ್ ಇಡೀ ದಿನ ಯಾಕೆ ಓಡಬೇಕು? ಒಂದನ್ನೇ ಗಾಡಿಯ ಮೇಲೆ ಹಾಕಿ ಮನೆಯಿಂದ ಮನೆಗೆ ಎಳೆದರೆ ಆಯಿತು. ರಾತ್ರಿಗೆ ಬ್ಯಾಟರಿ. ಶಿವಮೊಗ್ಗ ಕಡೆಯ ಸಾಗರದ ನಮ್ಮ ಮನೆಯಲ್ಲಿ ಮಳೆಗಾಲವಿಡೀ ಯುಪಿಎಸ್ ನಂಬಿ ಬದುಕಿದವನಿಗೆ ಇದೇನು ದೊಡ್ಡ ವಿಷಯವಲ್ಲ. ಇಲ್ಲಿಯವರಿಗೆ ಹೇಳಿದರೆ ನಕ್ಕರು. ಮುದುಕಪ್ಪನ ಪ್ರಶ್ನೆ ಒಂದೇ: 'ಮೊದಲು ಯಾರ ಮನೆಗೆ?'

2024ರ ಆಗಸ್ಟ್ 5ರಂದು ಡೆಬಿ ಚಂಡಮಾರುತ ಬಂತು. ಗಾಳಿಗಿಂತ ಮಳೆ ಜಾಸ್ತಿ. ಕರೆಂಟ್ ಹೋದದ್ದು ಎರಡು ದಿನವಿರಬಹುದು. ಪರೀಕ್ಷೆ ಮಾಡೋಣ ಅಂದೆ, ಎಲ್ಲವೂ ಕೈಕೊಟ್ಟಿತು. ನೂರು ಅಡಿ ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಇಳಿದು ಫ್ರಿಜ್ಜಿನ ಕಂಪ್ರೆಸರ್ ಗುಂಯ್ ಅಂದು ಅಲ್ಲೇ ನಿಂತಿತು. ವೈರ್ ಮುಟ್ಟಿದರೆ ಬಿಸಿ. ನಮ್ಮ ಮನೆಯ ಒಂದು ಎಚ್‌ಪಿ ಪಂಪು ಶುರುವಾಗುವಾಗ ಮೂರು ಪಟ್ಟು ಎಳೆಯುತ್ತದೆ. ಫ್ರೀಜರ್ ಓಡುತ್ತಿರುವಾಗ ಪಂಪ್ ಹಾಕಿದರೆ ಜನರೇಟರ್ ಕೆಮ್ಮಿ ಆಫ್. ಅಜ್ಜಿಯ ಆಕ್ಸಿಜನ್ ಯಂತ್ರಕ್ಕೆ ಅಗ್ಗದ ಇನ್ವರ್ಟರ್ ಹಚ್ಚಿದರೆ ಒಂದೇ ಸಮನೆ ಅಲಾರಂ. ಅದಕ್ಕೆ ಶುದ್ಧ ಸೈನ್ ವೇವ್, ಅಂದರೆ ಲೈನಿನಲ್ಲಿ ಬರುವ ಹಾಗೆ ನಯವಾದ ಅಲೆಯ ಕರೆಂಟ್, ಬೇಕೇ ಬೇಕು. ಪುಣ್ಯಕ್ಕೆ ಆಕ್ಸಿಜನ್ ಸಿಲಿಂಡರ್ ಇತ್ತು. ಆ ರಾತ್ರಿ ನನ್ನ ಯೋಜನೆ ಬಗ್ಗೆ ಅಕ್ಕಪಕ್ಕದವರು ಏನೇನು ಅಂದರು ಅಂತ ಬರೆಯುವುದು ಬೇಡ.

ಮಧ್ಯೆ ಸಿಕ್ಕಿದ್ದು ಏಳು ವಾರ. ನಾಲ್ಕು ಮನೆಗೂ ಹೊರಗೋಡೆಯಲ್ಲಿ ಜನರೇಟರ್ ವೈರ್ ಚುಚ್ಚುವ ಇನ್‌ಲೆಟ್, ಒಳಗೆ ಬ್ರೇಕರ್ ಬಾಕ್ಸಿಗೆ ಇಂಟರ್‌ಲಾಕ್ ಹಾಕಿಸಿದೆವು. ಹೊರಗಿನ ಲೈನು, ಜನರೇಟರ್ ಎರಡೂ ಒಟ್ಟಿಗೆ ಆನ್ ಆಗದಂತೆ ತಡೆಯುವ ತಗಡು ಅದು. ಇಂಟರ್‌ಲಾಕ್ ಇಲ್ಲದೆ ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ಟಿಗೆ ಎರಡು ಕಡೆ ಗಂಡು ಪ್ಲಗ್ಗಿನ ವೈರ್ ಚುಚ್ಚುವವರು ನಮ್ಮ ಕಡೆ ಈಗಲೂ ಇದ್ದಾರೆ. ಕರೆಂಟ್ ಲೈನಿಗೆ ವಾಪಸ್ ಹೋಗಿ ಕಂಬದ ಮೇಲಿರುವ ಲೈನ್‌ಮನ್ ಸಾಯುತ್ತಾನೆ. ಅಂಥವರ ಮನೆಗೆ ನಮ್ಮ ಗಾಡಿ ಹೋಗುವುದಿಲ್ಲ ಅಂತ ಮೊದಲೇ ಹೇಳಿದ್ದೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು. ಹಳೇ 7,500 ವ್ಯಾಟ್ ಜನರೇಟರ್ 600 ಡಾಲರ್. ಇಂಟರ್‌ಲಾಕ್, ಇನ್‌ಲೆಟ್, ಎಲೆಕ್ಟ್ರಿಷಿಯನ್ ಕೂಲಿ ಸೇರಿ ಮನೆಗೆ 350ರ ಆಸುಪಾಸು. ಒಂದೇ ದಿನ ನಾಲ್ಕು ಮನೆ ಅಂದದ್ದಕ್ಕೆ ಸ್ವಲ್ಪ ಬಿಟ್ಟುಕೊಟ್ಟ. 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಮೂರು, ಒಂದೊಂದು 270. ಒಳ್ಳೆ ಇನ್ವರ್ಟರ್ 250, ಚಾರ್ಜರ್ ನೂರು ಚಿಲ್ಲರೆ. ಐದು ಗ್ಯಾಲನ್ ಕ್ಯಾನು ಒಂದು ಡಜನ್, ಅದಕ್ಕೆ ಎಥನಾಲ್ ಇಲ್ಲದ ಪೆಟ್ರೋಲ್. ಬೆಲೆ ಜಾಸ್ತಿ, ಆದರೆ ತಿಂಗಳುಗಟ್ಟಲೆ ಇಟ್ಟರೂ ಕಾರ್ಬ್ಯುರೇಟರ್ ಕಟ್ಟುವುದಿಲ್ಲ. ಎಲ್ಲ ಸೇರಿಸಿ ನಾಲ್ಕರಿಂದ ಭಾಗಿಸಿದರೆ ಮನೆಗೆ ಸಾವಿರ ಡಾಲರಿಗೂ ಕಡಿಮೆ. ಇಡೀ ಮನೆ ನಡೆಸುವ ಪ್ರೊಪೇನ್ ಜನರೇಟರ್ ಕೂರಿಸಲು ನನಗೆ ಸಿಕ್ಕಿದ್ದ ಕೊಟೇಶನ್ ಹನ್ನೊಂದು ಸಾವಿರ.

ಸೆಪ್ಟೆಂಬರ್ 26, ರಾತ್ರಿ ಹನ್ನೊಂದು ದಾಟಿದ ಮೇಲೆ ಹೆಲೀನ್ ಪೆರ್ರಿ ಹತ್ತಿರ ದಡ ಹತ್ತಿತು. ಐದರಲ್ಲಿ ನಾಲ್ಕನೇ ದರ್ಜೆ, ಗಂಟೆಗೆ 140 ಮೈಲಿ ಗಾಳಿ. ವೇಗವಾಗಿ ಓಡುವ ಚಂಡಮಾರುತವಾದ್ದರಿಂದ ಒಳನಾಡಿಗೆ ಬರುವಾಗಲೂ ಜೋರು ಇಳಿದಿರಲಿಲ್ಲ. ಮೊಬೈಲ್ ಹೋಮಿನಲ್ಲಿ, ಅಂದರೆ ಎಳೆದು ತಂದು ಇಡುವ ಹಗುರ ಮನೆಯಲ್ಲಿ, ಇದ್ದ ಹುಡುಗ ಹುಡುಗಿಯನ್ನು ಮಧ್ಯಾಹ್ನವೇ ನಮ್ಮ ಇಟ್ಟಿಗೆ ಮನೆಗೆ ಕರೆತಂದಿದ್ದೆವು. ನಡುರಾತ್ರಿ ಹೊತ್ತಿಗೆ ಬಾತ್‌ರೂಮಿನ ಕಮೋಡಿನಲ್ಲಿ ನೀರು ತಾನೇ ತಾನಾಗಿ ಏರಿ ಇಳಿಯುತ್ತಿತ್ತು. ಗಾಳಿ ಪೈಪಿನ ಬಾಯಿ ಎಳೆದಾಗ ಹಾಗಾಗುತ್ತದೆ. ಹುಡುಗಿ ಟಾರ್ಚ್ ಬಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದಳು. ಬೆಳಿಗ್ಗೆ ಬಾಗಿಲು ತೆಗೆದರೆ ಟರ್ಪೆಂಟೈನ್ ವಾಸನೆ. ತೋಪಿನ ಪೈನ್ ಮರಗಳೆಲ್ಲ ಅರ್ಧಕ್ಕೆ ಮುರಿದಿದ್ದವು. ವಾಟರ್ ಓಕ್ ಬುಡಸಮೇತ ಮಲಗಿದ್ದವು, ಲೈವ್ ಓಕ್ ಮಾತ್ರ ಕೊಂಬೆ ಕಳಕೊಂಡು ನಿಂತಿದ್ದವು. ಜಾಗ ತಗೊಳ್ಳುವವರು ಮನೆ ಪಕ್ಕ ಯಾವ ಓಕ್ ಇದೆ ಅಂತ ಮೊದಲು ನೋಡಿ.

ಮೊದಲ ದಿನ ಪೂರ್ತಿ ಗರಗಸ. ಒಂದು ಮರ ಇನ್ನೊಂದರ ಮೇಲೆ ಬಿಲ್ಲಿನ ಹಾಗೆ ಬಾಗಿ ಕೂತಿರುತ್ತದೆ, ಒತ್ತಡ ಯಾವ ಕಡೆ ಅಂತ ನೋಡದೆ ಕೊಯ್ದರೆ ಮುಖಕ್ಕೇ ಬಡಿಯುತ್ತದೆ. ಅದನ್ನೆಲ್ಲ ಮುದುಕಪ್ಪನೇ ಕೊಯ್ದ. ಸಂಜೆಗೆ ಗಾಡಿ ಹೋಗುವಷ್ಟು ದಾರಿಯಾಯಿತು.

ಸರದಿ ಹೀಗೆ: ಮನೆಗೆ ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ. ಮೊದಲು ಅಜ್ಜಿ ಮನೆ, ಅದರಲ್ಲಿ ಮಾತಿಲ್ಲ. ಬ್ರೇಕರ್ ಎಲ್ಲ ಆಫ್ ಮಾಡಿ ಪಂಪ್ ಒಂದನ್ನೇ ಮೊದಲು ಹಾಕುವುದು. ಟಬ್, ಡ್ರಮ್ಮು ತುಂಬಿದ ಮೇಲೆ ಫ್ರಿಜ್, ಫ್ರೀಜರ್, ಚಾರ್ಜರ್. ವಾಟರ್ ಹೀಟರ್ ಮುಟ್ಟುವ ಹಾಗಿಲ್ಲ. ಅಜ್ಜಿಯ ಯಂತ್ರ ಮುನ್ನೂರು ವ್ಯಾಟ್ ಚಿಲ್ಲರೆ ತಿನ್ನುತ್ತದೆ, ಮೂರು ಬ್ಯಾಟರಿಯಲ್ಲಿ ರಾತ್ರಿ ಕಳೆಯಿತು. ಹಗಲು ಸರದಿಗಳ ನಡುವೆ ಸಿಲಿಂಡರ್. ಗಾಡಿ ಯಾವಾಗಲೂ ಹೊರಗೆ, ಕಿಟಕಿಯಿಂದ ಇಪ್ಪತ್ತು ಅಡಿ ದೂರ. ಮಳೆ ಅಂತ ಜನರೇಟರನ್ನು ಗ್ಯಾರೇಜಿನೊಳಗೆ ಎಳೆದುಕೊಂಡು ಹೊಗೆಗೆ ಸಾಯುವವರ ಸುದ್ದಿ ಪ್ರತಿ ಸಲವೂ ಇರುತ್ತದೆ. ದಿನಕ್ಕೆ ಏಳೆಂಟು ಗ್ಯಾಲನ್ನಿನಲ್ಲಿ ನಾಲ್ಕು ಮನೆ ನಡೆಯಿತು. ಇಡಾಲಿಯಾದಲ್ಲಿ ಮೂರು ಮನೆಗೆ ಮೂವತ್ತು! ಬಾಕಿ ಎರಡು ಮನೆಯ ದೊಡ್ಡ ಪಂಪುಗಳನ್ನು ಅದೇ ಜನರೇಟರಿನಲ್ಲಿ ಹೇಗೆ ಎಬ್ಬಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮನೆಗೆ ಬನ್ನಿ, ಕಾಫಿ ಕುಡಿಯುತ್ತ ಹೇಳುತ್ತೇನೆ. ಪೆಟ್ರೋಲ್ ಎಲ್ಲಿಡುತ್ತೇವೆ ಅನ್ನುವುದನ್ನು ಕಾಫಿಗೂ ಹೇಳುವುದಿಲ್ಲ.

ನಡುವೆ ಸುಮ್ನೆ ಮಾಡಿ ನೋಡಿದ ಕೆಲವು ಇವೆ. ಬಾಳೆಯ ಎಲೆಯನ್ನೆಲ್ಲ ಮೊದಲೇ ಕತ್ತರಿಸಿ ಬರೀ ದಿಂಡು ಬಿಟ್ಟಿದ್ದೆ, ನಿಂತಿತು. ಎಲೆ ಇದ್ದವು ಎರಡು ತುಂಡು. ಕರಿಬೇವಿನ ಕುಂಡ ನಾಲ್ಕು ಬಾತ್‌ರೂಮಿಗೆ, ಜಾಗ ಸಾಲದ್ದನ್ನು ಅಡ್ಡ ಮಲಗಿಸಿ ಕಟ್ಟಿದ್ದೆ, ಅದೇ ಈಗ ಚೆನ್ನಾಗಿ ಚಿಗುರಿದೆ. ಮೇಕೆಗಳಿಗೆ 275 ಗ್ಯಾಲನ್ನಿನ ಹಳೇ ಪ್ಲಾಸ್ಟಿಕ್ ಟ್ಯಾಂಕ್ ತುಂಬಿಟ್ಟಿದ್ದೆ. ನೂರು ಡಾಲರಿಗೆ ಇದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ. ಸೋಲಾರ್ ಪ್ಯಾನೆಲ್ ಎರಡು ಶೆಡ್ಡಿನ ಮೇಲೆ ಹಾಕಿದ್ದೆ, ದಿನಕ್ಕೆ ಒಂದು ಬ್ಯಾಟರಿಯೂ ಪೂರ್ತಿ ತುಂಬಲಿಲ್ಲ, ಮರದ ನೆರಳು. ಒಲೆ ಹಚ್ಚಲಾಗದ ರಾತ್ರಿ ಎಲ್ಲರಿಗೂ ಅವಲಕ್ಕಿ ಮೊಸರು ಕೊಟ್ಟೆವು. ಹುಡುಗ ಸಕ್ಕರೆ ಹಾಕಿಕೊಂಡ, ಮುದುಕಪ್ಪ ಹಾಟ್ ಸಾಸ್ ಸುರಿದುಕೊಂಡ.

ಆರನೇ ದಿನದ ಹೊತ್ತಿಗೆ ಲೈವ್ ಓಕಿನಲ್ಲಿ ಒಂದೆರಡು ಬಂಕ್ ತೆರೆದವು. ಕಾರ್ಡ್ ನಡೆಯುವುದಿಲ್ಲ, ಬರೀ ನೋಟು. ಆಗ ನಮ್ಮಲ್ಲಿ ಇನ್ನೂ ಮೂರು ಕ್ಯಾನ್ ತುಂಬಿದ್ದವು.

ಈಗ ರಸ್ತೆಯ ಆಚೆ ತುದಿಯ ಎರಡು ಮನೆಯವರು ಸೇರಿಸಿಕೊಳ್ಳಿ ಅನ್ನುತ್ತಿದ್ದಾರೆ. ಆರು ಮನೆಯಾದರೆ ಸರದಿ ಒಂದು ಗಂಟೆಗೆ ಇಳಿಯುತ್ತದೆ, ಇಲ್ಲವೇ ಇನ್ನೊಂದು ಗಾಡಿ ಬೇಕು. ಮುದುಕಪ್ಪ ಗಾಡಿ ತಗೊಳ್ಳೋಣ ಅನ್ನುತ್ತಾನೆ, ನಾನು ಬ್ಯಾಟರಿ ಜಾಸ್ತಿ ಮಾಡೋಣ ಅನ್ನುತ್ತೇನೆ. ಚಂಡಮಾರುತದ ಕಾಲ ಶುರುವಾಗುವ ಜೂನಿನೊಳಗೆ ತೀರ್ಮಾನ ಆಗಬೇಕು.