ನೆಲಕ್ಕೆ ಕೂರಿಸಿದ ಲಾರಿಯಲ್ಲಿ ದಿನದ ದುಡಿಮೆ

2016ರಲ್ಲಿ ನಾನು ಟೆಕ್ಸಸ್‌ನ ಡಲ್ಲಾಸ್‌ನಲ್ಲಿ 2005ರ ಮಾದರಿಯ ಪೀಟರ್‌ಬಿಲ್ಟ್ 379 ಲಾರಿಯೊಂದನ್ನು ಕೊಂಡು ಸ್ವಂತವಾಗಿ ಬಾಡಿಗೆ ಹೊಡೆಯಲು ಆರಂಭಿಸಿದೆ. ಮೆಕ್ಸಿಕೋ ಗಡಿಯ ಫಾರ್ ಸೇತುವೆಯನ್ನು ದಾಟಿ ಬರುವ ಹಣ್ಣು ತರಕಾರಿಯನ್ನು 53 ಅಡಿಯ ಶೀತಲ ಟ್ರೈಲರಿನಲ್ಲಿ ಷಿಕಾಗೋಗೆ ಮುಟ್ಟಿಸುವುದು ಅಂದಿನಿಂದ ಇಂದಿನವರೆಗೂ ನನ್ನ ಮುಖ್ಯ ಕೆಲಸ. ಅಯೋವಾದ ವಾಲ್ಕಾಟ್‌ನಲ್ಲಿ ಪ್ರತಿ ಜುಲೈ ತಿಂಗಳಲ್ಲಿ ನಡೆಯುವ ಲಾರಿ ಚಾಲಕರ ಜಾತ್ರೆಯಲ್ಲಿ, ಬಂಪರ್ ನೆಲಕ್ಕೆ ತಾಗುವಷ್ಟು ತಗ್ಗಿಸಿ ನಿಲ್ಲಿಸಿದ್ದ ಗಾಡಿಗಳನ್ನು ಕಂಡೆ. ಅವುಗಳಲ್ಲಿ ಹಲವು ಜಾತ್ರೆ ಮುಗಿದ ಕೂಡಲೇ ಮತ್ತೆ ಲೋಡಿಗೆ ಹೋಗುತ್ತವೆ ಎಂದು ಅವುಗಳ ಚಾಲಕರಿಂದಲೇ ತಿಳಿದಾಗ, ನನ್ನ ಲಾರಿಯನ್ನೂ ಹಾಗೆಯೇ ಮಾಡಿಸಬೇಕೆಂದು ನಿಶ್ಚಯಿಸಿದೆ.

ಮೊದಲ ಪ್ರಯತ್ನದಲ್ಲಿ ನಾನು ಅಗ್ಗದ ದಾರಿ ಹಿಡಿದೆ. ಹಿಂಬದಿಯ ಆಕ್ಸಲ್‌ಗಳ ಮೇಲೆ ಸ್ಪ್ರಿಂಗಿನಂತೆ ಭಾರ ಹೊರುವ ಗಾಳಿ ತುಂಬಿದ ರಬ್ಬರ್ ಚೀಲಗಳಿಗೆ, ಅಂದರೆ ಏರ್ ಬ್ಯಾಗ್‌ಗಳಿಗೆ, ಎಷ್ಟು ಗಾಳಿ ಹೋಗಬೇಕೆಂಬುದನ್ನು ಲೆವೆಲಿಂಗ್ ವಾಲ್ವ್ ಎಂಬ ಸಣ್ಣ ಸಾಧನ ನಿರ್ಧರಿಸುತ್ತದೆ, ಮತ್ತು ಅದರ ಕಡ್ಡಿಯ ಅಳತೆಯನ್ನು ಬದಲಿಸಿದರೆ ಚಾಸಿ ತಾನಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ನಾನು ಎರಡು ಇಂಚು ತಗ್ಗಿಸಿದೆ. ಖಾಲಿ ಓಡುವಾಗ ಏನೂ ಗೊತ್ತಾಗಲಿಲ್ಲ. ಆದರೆ ಲೋಡು ಹೊತ್ತು ಏರು ಹತ್ತುವಾಗ ಸೀಟಿನಡಿಯಿಂದ ನಡುಕ ಶುರುವಾಯಿತು, ಎರಡು ತಿಂಗಳೊಳಗೆ, ಗೇರ್‌ಬಾಕ್ಸಿನಿಂದ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎಂಬ ಕೀಲು ಮುರಿದು ಅರ್ಕಾನ್ಸಾಸ್‌ನ ಹೆದ್ದಾರಿಯ ಅಂಚಿನಲ್ಲಿ ನಿಂತೆ. ಕಾರಣ ಸರಳವಾದುದು. ಚಾಸಿ ಇಳಿದರೂ ಆಕ್ಸಲ್ ಇದ್ದಲ್ಲೇ ಇರುತ್ತದೆ, ಆದ್ದರಿಂದ ಗೇರ್‌ಬಾಕ್ಸಿಗೂ ಆಕ್ಸಲ್ಲಿಗೂ ನಡುವೆ ಶಾಫ್ಟು ಹಿಡಿಯುವ ಕೋನ ಕೆಡುತ್ತದೆ. ಕೋನ ಕೆಟ್ಟ ಶಾಫ್ಟು ಒಂದೇ ಸುತ್ತಿನೊಳಗೆ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತಾ ತಿರುಗುವುದರಿಂದ ಅದರ ಪೆಟ್ಟೆಲ್ಲ ಕ್ರಾಸ್‌ಗಳ ಮೇಲೆ ಬೀಳುತ್ತದೆ. ಏರ್ ಬ್ಯಾಗ್‌ಗಳಿಗೂ ಕುಗ್ಗಲು ಜಾಗ ಉಳಿಯದೆ ಪ್ರತಿ ಗುಂಡಿಯಲ್ಲೂ ಚಾಸಿ ತಡೆಗೆ ಬಡಿಯುತ್ತಿತ್ತು.

ಎರಡನೆಯ ಸಲ, ಕಡಿಮೆ ಎತ್ತರದಲ್ಲೇ ಓಡಲೆಂದು ರೂಪಿಸಿದ ಬೇರೆ ಸಸ್ಪೆನ್ಷನ್ನನ್ನು ಹಾಕಿಸಿ, ಆಕ್ಸಲ್‌ಗಳ ಓರೆಯನ್ನು ಅಳೆಸಿ, ಶಾಕ್ ಅಬ್ಸಾರ್ಬರ್‌ಗಳನ್ನೂ ಗಿಡ್ಡ ಮಾಡಿಸಿದೆ. ಮುಂಭಾಗದಲ್ಲಿ ಲೀಫ್ ಸ್ಪ್ರಿಂಗ್ ತೆಗೆಸಿ, ಕ್ಯಾಬಿನ್ನಿನಿಂದಲೇ ಏರಿಸಿ ಇಳಿಸಬಹುದಾದ ಏರ್ ಬ್ಯಾಗ್ ಕೂರಿಸಿದೆ. ಇಲ್ಲಿ ಎಚ್ಚರ ವಹಿಸಬೇಕಾದದ್ದು ಎಂಜಿನ್ನಿನ ಆಯಿಲ್ ಪ್ಯಾನಿನ ಬಗ್ಗೆ. ಗಾಳಿ ಪೂರ್ತಿ ಇಳಿದಾಗ ಮುಂದಿನ ಆಕ್ಸಲ್ ಅದಕ್ಕೆ ತಾಗದಂತೆ ಗಟ್ಟಿ ರಬ್ಬರಿನ ತಡೆಗಳಿರಲೇಬೇಕು. ಮೊದಲ ಗ್ಯಾರೇಜಿನವರು ಈ ಬ್ಯಾಗ್‌ಗಳಿಗೆ ಗಾಳಿಯನ್ನು ಬ್ರೇಕಿನ ಟ್ಯಾಂಕಿನಿಂದ ನೇರವಾಗಿ ಎಳೆದಿದ್ದರು. ಬ್ರೇಕಿನಲ್ಲಿ ಚದರ ಇಂಚಿಗೆ ಕನಿಷ್ಠ 55 ಪೌಂಡ್ ಒತ್ತಡ ತುಂಬುವವರೆಗೆ ಸಸ್ಪೆನ್ಷನ್ನಿಗೆ ಗಾಳಿ ಹರಿಯಕೂಡದೆಂಬುದು ಅಮೆರಿಕದ ಕೇಂದ್ರ ಸರ್ಕಾರದ ನಿಯಮ. ಬ್ಯಾಗೊಂದು ಒಡೆದರೆ ಅದರೊಂದಿಗೆ ಬ್ರೇಕೂ ಹೋಗಬಾರದೆಂಬ ಕಾಳಜಿ ಅದರಲ್ಲಿದೆ, ಮತ್ತು 80,000 ಪೌಂಡ್ ತೂಕವನ್ನು ಇಳಿಜಾರಿನಲ್ಲಿ ಇಳಿಸುವವನಿಗೆ ಅದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಅಷ್ಟು ಒತ್ತಡ ತುಂಬುವವರೆಗೆ ಗಾಳಿಯನ್ನು ತಡೆಯುವ ವಾಲ್ವನ್ನು ನಾನು ಮರುದಿನವೇ ಹಾಕಿಸಿದೆ.

ಹೀಗೆ ನನ್ನ ಲಾರಿಗೆ ಈಗ ಎರಡು ಎತ್ತರಗಳಿವೆ. ಓಡುವಾಗ ಅದು ಸಾಮಾನ್ಯ 379ಕ್ಕಿಂತ ಸ್ವಲ್ಪವೇ ತಗ್ಗಿನಲ್ಲಿರುತ್ತದೆ, ನಿಂತಾಗ ಮಾತ್ರ ನೆಲಕ್ಕೆ ಕೂರುತ್ತದೆ. ನೆಲಕ್ಕೆ ಕೂತ ಸ್ಥಿತಿಯಲ್ಲಿ ಅಂಗಳ ದಾಟುವಷ್ಟು ದೂರವೂ ಓಡಿಸುವುದಿಲ್ಲ. ಟ್ರೈಲರ್ ಜೋಡಿಸುವಾಗ ಈ ಏರಿಳಿತ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಹಿಂಭಾಗವನ್ನು ತಗ್ಗಿಸಿ ಟ್ರೈಲರಿನಡಿಗೆ ಸರಾಗವಾಗಿ ನುಗ್ಗಿಸಿ, ಗಾಳಿ ತುಂಬಿಸಿ ಅದನ್ನು ಎತ್ತಿಕೊಂಡರೆ, ಟ್ರೈಲರಿನ ಕಾಲುಗಳ ಹಿಡಿಕೆಯನ್ನು ತಿರುಗಿಸುವ ಶ್ರಮ ಅರ್ಧದಷ್ಟು ಉಳಿಯುತ್ತದೆ.

ತೊಂದರೆಯೆಲ್ಲ ಇರುವುದು ರಸ್ತೆಯ ಆಕಾರದಲ್ಲಿ. ನನ್ನ ಲಾರಿಯ ಮುಂದಿನ ಆಕ್ಸಲ್ಲಿಗೂ ಹಿಂದಿನ ಜೋಡಿ ಆಕ್ಸಲ್‌ಗಳ ನಡುಮಧ್ಯಕ್ಕೂ 280 ಇಂಚಿನ ಅಂತರವಿದೆ, ಅಷ್ಟುದ್ದದ ಗಾಡಿ ತಗ್ಗಿದ್ದರೆ ಉಬ್ಬಿದ ರೈಲ್ವೆ ಕ್ರಾಸಿಂಗಿನ ಮೇಲೆ ಡೀಸೆಲ್ ಟ್ಯಾಂಕಿನ ತಳ ಹಳಿಗೆ ತಾಗುವ ಅಪಾಯವಿದೆ. ದಿಬ್ಬದ ಮೇಲೆ ಸಿಕ್ಕಿಕೊಂಡ ಲಾರಿಯ ಚಿತ್ರವಿರುವ ಹಳದಿ ಫಲಕ ಕಂಡಲ್ಲಿ ನಾನು ಬೇರೆ ದಾರಿ ಹುಡುಕುತ್ತೇನೆ. ಕೆಳಕ್ಕೆ ಉದ್ದವಾಗಿ ಇಳಿಯುವ ಬಂಪರಿನ ಆಸೆಯನ್ನೂ ಬಿಟ್ಟು 18 ಇಂಚು ಎತ್ತರದ್ದಕ್ಕೆ ತೃಪ್ತನಾದೆ, ಏಕೆಂದರೆ ಡೀಸೆಲ್ ಬಂಕುಗಳ ಪ್ರವೇಶದ ಇಳಿಜಾರಿನಲ್ಲಿ ಮೊದಲು ಕೆರೆಯುವುದು ಅದೇ. ಚಳಿಗಾಲದಲ್ಲಿ ಟೈರಿಗೆ ಅಂಟಿದಂತೆ ಕಾಣುವ ಮಡ್‌ಗಾರ್ಡ್‌ಗಳನ್ನು ಮೇಲಕ್ಕೆ ಎತ್ತಿ ಕಟ್ಟುತ್ತೇನೆ. ಕೊಲರಾಡೋದ ಐ-70 ಹೆದ್ದಾರಿಯ ಬೆಟ್ಟದ ಭಾಗದಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಲಾರಿಗಳು ಹಿಮದ ಸರಪಳಿ ಹೊತ್ತೊಯ್ಯಲೇಬೇಕು, ಮತ್ತು ಸರಪಳಿ ಸುತ್ತಿದ ಟೈರಿಗೆ ಮಡ್‌ಗಾರ್ಡಿನ ಕೆಳಗೆ ಜಾಗ ಸಾಲದಿದ್ದರೆ ಹತ್ತಾರು ಗಜದೊಳಗೆ ಮಡ್‌ಗಾರ್ಡು ಚೂರಾಗುತ್ತದೆ.

ಡೀಸೆಲ್ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವನ್ನು ನಾನು ಕಂಡಿಲ್ಲ. ನಿರ್ವಹಣೆಯ ಕೆಲಸ ಮಾತ್ರ ಖಂಡಿತ ಹೆಚ್ಚಿದೆ. ಪ್ರತಿದಿನ ಹೊರಡುವ ಮೊದಲು ಬ್ಯಾಗ್‌ಗಳನ್ನು ಕೈಯಿಂದ ಸವರಿ ನೋಡಿ, ಚಾಸಿಯ ಎರಡೂ ಬದಿಯ ಎತ್ತರವನ್ನು ಟೇಪಿನಿಂದ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಕಾಲು ಇಂಚಿನ ಏರುಪೇರು ಕಂಡರೂ ಸೋಪಿನ ನೀರು ಹಾಕಿ ಸೋರಿಕೆ ಹುಡುಕುತ್ತೇನೆ. ತೋಟದ ಮಣ್ಣಿನ ಅಂಗಳದಿಂದಲೇ ತುಂಬಿಕೊಳ್ಳಬೇಕಾದ ಲೋಡುಗಳನ್ನು, ಬಾಡಿಗೆ ಎಷ್ಟೇ ಚೆನ್ನಾಗಿದ್ದರೂ, ನಾನು ಒಪ್ಪುವುದಿಲ್ಲ. ಅಂಥವು ಬಂದಾಗ ಎತ್ತರದ ಲಾರಿಯಿರುವ ಗೆಳೆಯರಿಗೆ ದಾಟಿಸುತ್ತೇನೆ.