ಸವೆದ ಅಚ್ಚಿನಿಂದ ಮತ್ತೆ ಪ್ಲಾಸ್ಟರ್: ನನ್ನ ಅನುಭವ

ಒಮ್ಮೆ ಗಟ್ಟಿಯಾದ ಪ್ಲಾಸ್ಟರ್ ಆಫ್ ಪ್ಯಾರಿಸ್ ತಿಪ್ಪೆಗೇ ಸರಿ ಎನ್ನುವುದು ಗೊಂಬೆ ಮಾಡುವ ನಮ್ಮ ಬಳಗದ ಮಾತು. ಸವೆದ ಅಚ್ಚುಗಳನ್ನು ಕುಟ್ಟಿ, ಹುರಿದು, ಮತ್ತೆ ಎರಕ ಹೊಯ್ಯುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಈಗ ನನ್ನ ಹೊರಕವಚದ ಅಚ್ಚುಗಳೆಲ್ಲ ಆ ಪುಡಿ ಬೆರೆತವೇ; ನಕ್ಕವರಲ್ಲಿ ಇಬ್ಬರು ಬಂದು ನೋಡಿ ಹೋಗಿದ್ದಾರೆ.

ಮೊದಲು ಚೂರುಗಳನ್ನು ಮಡಕೆಗಳ ಜೊತೆ ಆವಿಗೆಯಲ್ಲಿ ಇಟ್ಟೆ. ನೋಡಲು ಚೆನ್ನಾಗಿಯೇ ಬಂತು, ಆದರೆ ನೀರು ಬೆರೆಸಿದರೆ ಮರುದಿನವೂ ಕೆಸರು. ಅಷ್ಟು ಕಾವಿಗೆ ಹರಳಿನೊಳಗಿನ ನೀರೆಲ್ಲ ಹೋಗಿ ಪುಡಿ ಸತ್ತಿತ್ತು. ಆಮೇಲೆ ಬಾಣಲೆಯಲ್ಲಿ ಸಣ್ಣ ಉರಿ. ಈ ಸಲ ಕಲಸುತ್ತಿರುವಾಗಲೇ ಬೋಗುಣಿಯಲ್ಲಿ ಕಲ್ಲಾಯಿತು: ಬೇಯದೆ ಉಳಿದ ಜಿಪ್ಸಮ್ (ಅಂದರೆ ಗಟ್ಟಿಯಾದ ಪ್ಲಾಸ್ಟರ್) ಕಣಗಳು ಹಾಲಿಗೆ ಹಾಕಿದ ಹೆಪ್ಪಿನ ಕೆಲಸ ಮಾಡಿದ್ದವು. ಗ್ಯಾಸಿಗೆ ಸುರಿದ ದುಡ್ಡಿನಲ್ಲಿ ಎರಡು ಮೂರು ಹೊಸ ಚೀಲ ಬರುತ್ತಿದ್ದವು.

ಕೊನೆಗೆ ತಕ್ಕಡಿಯನ್ನು ನಂಬಿದೆ. ಅಣುಗಳ ಲೆಕ್ಕದಲ್ಲಿ ಗಟ್ಟಿ ಜಿಪ್ಸಮಿನಲ್ಲಿ ಒಂದು ಕ್ಯಾಲ್ಸಿಯಂ ಸಲ್ಫೇಟಿಗೆ ಎರಡು ನೀರು, ನಮಗೆ ಬೇಕಾದ ಪುಡಿಯಲ್ಲಿ ಒಂದಕ್ಕೆ ಅರ್ಧ ನೀರು. ಅಂದರೆ ತೂಕದಲ್ಲಿ ನೂರಕ್ಕೆ ಸುಮಾರು 16 ಇಳಿಯಬೇಕು. 21ಕ್ಕೆ ಮುಟ್ಟಿದರೆ ನೀರು ಪೂರ್ತಿ ಮುಗಿಯಿತು. ಒಂದು ಕಿಲೋ 840 ಗ್ರಾಂ ಆದಾಗ ಬಾಣಲೆ ಇಳಿಸುತ್ತೇನೆ. ಅದಕ್ಕೂ ಮೊದಲು ಪುಡಿ ಬಿಸಿಲಿನಲ್ಲಿ ತೂಕ ನಿಲ್ಲುವವರೆಗೆ ಒಣಗಿರಬೇಕು. ಅಚ್ಚು ಹೀರಿಕೊಂಡ ಒದ್ದೆ ಬೇರೆ, ಹರಳಿನೊಳಗೆ ಕಟ್ಟುಬಿದ್ದ ನೀರು ಬೇರೆ. ಎರಡನ್ನೂ ಸೇರಿಸಿ ತೂಗಿದರೆ ಲೆಕ್ಕ ಕೆಡುತ್ತದೆ. ಕಾವು 150 ಡಿಗ್ರಿ ಆಸುಪಾಸು ಸಾಕು. ಆವಿ ಹೊರಡುವಾಗ ಒಣ ಪುಡಿಯೇ ಕೊತಕೊತ ಕುದಿಯುತ್ತದೆ, ನೋಡಲೇಬೇಕು. ಕುದಿ ತಗ್ಗಿದೊಡನೆ ತೂಗಿ.

ಇದೇ ಹುಚ್ಚಿನಲ್ಲಿ ಪಿಂಗಾಣಿ ಬಟ್ಟಲಿನಲ್ಲಿ ಮೈಲುತುತ್ತವನ್ನೂ ಕಾಯಿಸಿದೆ. ನೀಲಿ ಹರಳು ಬಿಳಿಚಿಕೊಂಡಿತು; ಆರಿದ ಮೇಲೆ ನೀರು ಹನಿಸಿದರೆ ಮತ್ತೆ ನೀಲಿ, ಬಟ್ಟಲೂ ಬಿಸಿ. ಪ್ಲಾಸ್ಟರ್ ಗಟ್ಟಿಯಾಗುವಾಗ ಬೆಚ್ಚಗಾಗುವುದೂ ಹೀಗೆ ನೀರು ಹರಳಿಗೆ ಸೇರುವುದರಿಂದಲೇ. ವ್ಯಾಪಾರಕ್ಕೆ ಇದರಿಂದ ಏನೂ ಗಿಟ್ಟಲಿಲ್ಲ.

ಈಗ ತೆಂಗಿನ ಚಿಪ್ಪಿನ ಬೆಂಕಿ. ಹೊಸ ಪ್ಲಾಸ್ಟರಿಗೆ ಕಿಲೋಗೆ ಹನ್ನೆರಡು ಹದಿನೈದು ರೂಪಾಯಿ ಕೊಡುವ ಕಡೆ ನನಗೆ ಮೂರು ನಾಲ್ಕರಲ್ಲಿ ಮುಗಿಯುತ್ತದೆ, ನನ್ನ ಕೂಲಿ ಬಿಟ್ಟು. ಹುರಿದ ಪುಡಿ ನೀರು ಹೆಚ್ಚು ಕುಡಿಯುತ್ತದೆ, ಬಲವೂ ಕಡಿಮೆ. ಅರ್ಧಕ್ಕರ್ಧ ಹೊಸದು ಬೆರೆಸುತ್ತೇನೆ. ಬೇಗ ಬಿಗಿಯದಿರಲು ನಿಂಬೆರಸ ಹಾಕುತ್ತೇನೆ. ಎಷ್ಟು ಹನಿ, ಯಾವಾಗ ಎಂಬುದು ನನ್ನಲ್ಲೇ ಇರಲಿ. ಮುಖದ ಅಚ್ಚಿಗೆ ಮಾತ್ರ ಈಗಲೂ ಹೊಸ ಚೀಲವನ್ನೇ ಒಡೆಯುತ್ತೇನೆ.